ಆ ಹೊಳೆಯುವ ಚುಕ್ಕಿ ನಕ್ಷತ್ರವೋ ಗ್ರಹವೋ? ಲಕ್ಷಣ ನೋಡಿ ಪತ್ತೆ ಹಚ್ಚುವ ಕೈಪಿಡಿ

ಮಿನುಗಿದರೆ ನಕ್ಷತ್ರ, ಮಿನುಗದಿದ್ದರೆ ಗ್ರಹ. ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದು ಇದನ್ನೇ. ಮಾತು ತಪ್ಪಲ್ಲ, ಆದರೆ ಅದೊಂದನ್ನೇ ನಂಬಿಕೊಂಡು ತಾರಸಿ ಹತ್ತಿದರೆ ಕೆಲವೊಮ್ಮೆ ಕೈಕೊಡುತ್ತದೆ. ದಿಗಂತದ ಹತ್ತಿರ ಇದ್ದಾಗ ಗುರುವೂ ಮಿನುಗುತ್ತಾನೆ. ಗಾಳಿ ಶಾಂತವಾಗಿರುವ ರಾತ್ರಿ ನೆತ್ತಿಯ ಮೇಲಿನ ನಕ್ಷತ್ರವೂ ತೆಪ್ಪಗಿರುತ್ತದೆ. ಹಾಗಾಗಿ ಮಿನುಗನ್ನು ಮೊದಲ ಪರೀಕ್ಷೆ ಅಂತ ಇಟ್ಟುಕೊಳ್ಳಿ. ಕೊನೆಯ ತೀರ್ಮಾನಕ್ಕೆ ಬೇಕಾಗುವುದು ಎರಡು ಸಂಗತಿ: ಆ ಚುಕ್ಕಿ ಆಕಾಶದ ಯಾವ ಭಾಗದಲ್ಲಿದೆ, ಮತ್ತು ಕೆಲವು ದಿನಗಳಲ್ಲಿ ಅಕ್ಕಪಕ್ಕದ ಚುಕ್ಕಿಗಳ ನಡುವೆ ಜಾಗ ಬದಲಿಸುತ್ತದೆಯೋ ಇಲ್ಲವೋ.

ಒಂದು ಸಮಾಧಾನದ ವಿಷಯ ಇದೆ. ಬರಿಗಣ್ಣಿಗೆ ಸುಲಭವಾಗಿ ಕಾಣುವ ಗ್ರಹಗಳು 5 ಮಾತ್ರ: ಬುಧ, ಶುಕ್ರ, ಮಂಗಳ, ಗುರು, ಶನಿ. ನಿಮ್ಮ ಚುಕ್ಕಿ ಈ ಐದರಲ್ಲಿ ಒಂದು ಅಲ್ಲ ಅಂತಾದರೆ ಅಲ್ಲಿಗೆ ಗ್ರಹದ ಮಾತು ಮುಗಿಯಿತು. ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಒಂದು ಪೈಸೆಯೂ ಬೇಡ.

ಶುರು ಮಾಡುವ ಮುನ್ನ

ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ಮೊಬೈಲ್ ಜೇಬಿನಲ್ಲಿರಲಿ. ಬೆಳಕು ಬೇಕೇ ಬೇಕು ಅಂದರೆ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಳ್ಳಿ. ಪ್ಯಾರಪೆಟ್ ಇಲ್ಲದ ತಾರಸಿಯಲ್ಲಿ ಮೇಲೆ ನೋಡುತ್ತಾ ಹೆಜ್ಜೆ ಹಿಂದಿಡಬೇಡಿ. ಕುರ್ಚಿ ಹಾಕಿಕೊಂಡು ಕೂತು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಹೊಲ, ತೋಟಕ್ಕೆ ಹೋಗುವುದಾದರೆ ಕಾಲಿಗೆ ಬೂಟು ಇರಲಿ, ನಡೆಯುವಾಗ ನೆಲಕ್ಕೆ ಬೆಳಕು ಬಿಡಿ. ಹಾವು, ಚೇಳಿನ ಭಯ ಸುಮ್ನೆ ಹೇಳುವುದಲ್ಲ.

ಅಳತೆಗೆ ನಿಮ್ಮ ಕೈಯೇ ಸಾಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ದಿಗಂತದಿಂದ ನೆತ್ತಿಗೆ 9 ಮುಷ್ಟಿ. ಮುಂದೆ ಎಲ್ಲ ಕಡೆ ಈ ಮುಷ್ಟಿ ಲೆಕ್ಕವನ್ನೇ ಬಳಸಿದ್ದೇನೆ.

ಲಕ್ಷಣ: ಚುಕ್ಕಿ ಓಡುತ್ತಿದೆ

ಮೊದಲು ನಿಜವಾಗಿ ಓಡುತ್ತಿದೆಯೇ ಅಂತ ಖಚಿತ ಮಾಡಿಕೊಳ್ಳಿ. ಕತ್ತಲಲ್ಲಿ ಒಂಟಿ ಚುಕ್ಕಿಯನ್ನೇ ದಿಟ್ಟಿಸಿದರೆ ಅದು ಅತ್ತಿತ್ತ ತೇಲಿದಂತೆ ಅನಿಸುತ್ತದೆ. ಇದು ಕಣ್ಣು ಮತ್ತು ಮಿದುಳಿನ ಸಹಜ ಗುಣ, ಕಾಯಿಲೆ ಅಲ್ಲ. ಮೋಡ ಸರಿಯುತ್ತಿದ್ದರೂ ಚುಕ್ಕಿಯೇ ಓಡುತ್ತಿರುವಂತೆ ಕಾಣುತ್ತದೆ. ಒಂದು ಗೋಡೆಯ ಅಂಚಿಗೋ ತೆಂಗಿನ ಗರಿಗೋ ತಾಗಿಸಿಕೊಂಡು 1 ನಿಮಿಷ ನೋಡಿ. ಅಲ್ಲೇ ಇದ್ದರೆ ಮುಂದಿನ ವಿಭಾಗಕ್ಕೆ ಹೋಗಿ.

ನಿಜವಾಗಿಯೂ ಸರಿಯುತ್ತಿದ್ದರೆ ಅದು ನಕ್ಷತ್ರವೂ ಅಲ್ಲ, ಗ್ರಹವೂ ಅಲ್ಲ. ಕೆಂಪು, ಹಸಿರು ದೀಪ ಮಿಂಚಿಸುತ್ತಾ ಹೋದರೆ ವಿಮಾನ ಅಥವಾ ಡ್ರೋನ್. ಮಿಂಚದೆ, ಒಂದೇ ಸಮನೆ ಬೆಳಗುತ್ತಾ ಕೆಲವೇ ನಿಮಿಷದಲ್ಲಿ ಆಕಾಶ ದಾಟಿದರೆ ಉಪಗ್ರಹ. ಅದು ತುಂಬಾ ಪ್ರಕಾಶವಾಗಿದ್ದರೆ ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರಬಹುದು. ಹೋಗುತ್ತಾ ಹೋಗುತ್ತಾ ನಡು ಆಕಾಶದಲ್ಲೇ ಮಂಕಾಗಿ ಮಾಯವಾದರೆ ಗಾಬರಿ ಬೇಡ, ಅದು ಭೂಮಿಯ ನೆರಳಿಗೆ ಹೊಕ್ಕಿತು ಅಷ್ಟೇ. ಒಂದರ ಹಿಂದೆ ಒಂದು ಸಾಲಾಗಿ ಹತ್ತಾರು ಚುಕ್ಕಿ ಹೋದರೆ ಅವು ಸ್ಟಾರ್‌ಲಿಂಕ್ ಉಪಗ್ರಹಗಳು. 2019ರಿಂದ ಇವನ್ನು ಗುಂಪು ಗುಂಪಾಗಿ ಹಾರಿಸುತ್ತಿದ್ದಾರೆ, ಹಾರಿಸಿದ ಮೊದಲ ಕೆಲವು ದಿನ ಸಾಲು ಚೆನ್ನಾಗಿ ಕಾಣುತ್ತದೆ.

ಗಂಟೆಗಟ್ಟಲೆ ನೋಡಿದಾಗ ಪಶ್ಚಿಮಕ್ಕೆ ವಾಲುವುದು ಬೇರೆ ಮಾತು. ಭೂಮಿ ತಿರುಗುವುದರಿಂದ ನಕ್ಷತ್ರ, ಗ್ರಹ ಎರಡೂ ಗಂಟೆಗೆ ಹೆಚ್ಚುಕಮ್ಮಿ ಒಂದೂವರೆ ಮುಷ್ಟಿಯಷ್ಟು ಸರಿಯುತ್ತವೆ. ಅದರಿಂದ ಏನೂ ತೀರ್ಮಾನ ಆಗುವುದಿಲ್ಲ.

ಲಕ್ಷಣ: ಮಿನುಗದೆ ನೆಟ್ಟಗೆ ಬೆಳಗುತ್ತಿದೆ

ಮಿನುಗು ಹುಟ್ಟುವುದು ಆಕಾಶದಲ್ಲಲ್ಲ, ನಮ್ಮ ಗಾಳಿಯಲ್ಲಿ. ಬಿಸಿ ಮತ್ತು ತಣ್ಣನೆಯ ಗಾಳಿ ಬೆರೆಯುವಾಗ ಅದರೊಳಗೆ ಬರುವ ಬೆಳಕು ಅಲ್ಲಲ್ಲಿ ಬಾಗುತ್ತದೆ. ಮಧ್ಯಾಹ್ನ ಕಾದ ಡಾಂಬರು ರಸ್ತೆಯಲ್ಲಿ ದೂರದ ಬಸ್ಸು ನಡುಗಿದಂತೆ ಕಾಣುತ್ತದಲ್ಲ, ಅದೇ ಕಾರಣ.

ಹಾಗಾದರೆ ಗ್ರಹ ಯಾಕೆ ನಡುಗುವುದಿಲ್ಲ? ಗಾತ್ರದಿಂದ. ಗುರುವಿನ ತಟ್ಟೆ ನಮಗೆ 30ರಿಂದ 50 ಆರ್ಕ್‌ಸೆಕೆಂಡ್ ಅಗಲ ಕಾಣುತ್ತದೆ (1 ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್). ನಮಗೆ ಅತ್ಯಂತ ದೊಡ್ಡದಾಗಿ ಕಾಣುವ ನಕ್ಷತ್ರಗಳಲ್ಲಿ ಒಂದಾದ ಆರ್ದ್ರಾ 1 ಆರ್ಕ್‌ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ದೊಡ್ಡದೇನಲ್ಲ. ನಕ್ಷತ್ರದ ಬೆಳಕು ಒಂದೇ ಬಿಂದುವಿನಿಂದ ಬರುತ್ತದೆ, ಗಾಳಿ ಬಾಗಿಸಿದರೆ ಅಷ್ಟೂ ಒಟ್ಟಿಗೆ ಬಾಗುತ್ತದೆ. ಗ್ರಹದ ಬೆಳಕು ತಟ್ಟೆಯ ನೂರಾರು ಬಿಂದುಗಳಿಂದ ಬರುತ್ತದೆ. ಒಂದು ಬಿಂದು ಮಂಕಾದ ಕ್ಷಣ ಇನ್ನೊಂದು ಪ್ರಕಾಶ ಆಗುತ್ತದೆ, ಸರಾಸರಿಯಲ್ಲಿ ಬೆಳಕು ಸಮ. ತಟ್ಟೆ ತಟ್ಟೆಯಾಗಿ ಬರಿಗಣ್ಣಿಗೆ ಕಾಣದಿದ್ದರೂ ಅದರ ಪರಿಣಾಮ ಕಾಣುತ್ತದೆ.

ಪರೀಕ್ಷೆ ಮಾಡುವಾಗ ಎತ್ತರ ಮುಖ್ಯ. ನೆತ್ತಿಯಲ್ಲಿರುವ ಚುಕ್ಕಿಗಿಂತ 3 ಮುಷ್ಟಿ ಎತ್ತರದ ಚುಕ್ಕಿಯ ಬೆಳಕು 2 ಪಟ್ಟು ಗಾಳಿ ದಾಟಿ ಬರುತ್ತದೆ. 1 ಮುಷ್ಟಿ ಎತ್ತರದ್ದು 5 ಪಟ್ಟಿಗಿಂತ ಜಾಸ್ತಿ. ಆದ್ದರಿಂದ 3 ಮುಷ್ಟಿಗಿಂತ ಕೆಳಗಿದ್ದರೆ ಮಿನುಗಿನ ಪರೀಕ್ಷೆ ಮಾಡಲೇಬೇಡಿ, ಗಂಟೆ ಕಾಯಿರಿ ಅಥವಾ ಬೇರೆ ಪರೀಕ್ಷೆಗೆ ಹೋಗಿ. ಮೇಲಿದ್ದರೆ, ಅದೇ ಎತ್ತರದ ಇನ್ನೊಂದು ಹೊಳೆಯುವ ಚುಕ್ಕಿಯ ಜೊತೆ ಹೋಲಿಸಿ. ಅದು ಮಿನುಗುತ್ತಾ ಇದು ಸುಮ್ಮನಿದ್ದರೆ ಗ್ರಹ ಎನ್ನುವುದಕ್ಕೆ ಒಳ್ಳೆಯ ಸುಳಿವು. ಎರಡೂ ಸುಮ್ಮನಿದ್ದರೆ ಇವತ್ತು ಗಾಳಿ ಶಾಂತವಾಗಿದೆ ಅಂತಷ್ಟೇ ಅರ್ಥ.

ಲಕ್ಷಣ: ಕೆಂಪು, ಹಸಿರು, ನೀಲಿ ಬಣ್ಣಗಳು ಚಕಚಕ ಮಿಂಚುತ್ತಿವೆ, ಆದರೆ ಜಾಗ ಬಿಟ್ಟು ಕದಲುತ್ತಿಲ್ಲ

ಇದು ಹೆಚ್ಚು ಜನರನ್ನು ಹೆದರಿಸುವ ಲಕ್ಷಣ. "ಡ್ರೋನ್ ನಿಂತಿದೆ" ಅಂತ ಹೇಳುವವರೂ ಇದ್ದಾರೆ. ಬಹುಪಾಲು ಇದು ದಿಗಂತದ ಹತ್ತಿರದ ಪ್ರಕಾಶಮಾನ ನಕ್ಷತ್ರ. ಗಾಳಿ ಬೇರೆ ಬೇರೆ ಬಣ್ಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಬಿಳಿ ಬೆಳಕು ಒಡೆದು ಬಣ್ಣ ಬಣ್ಣವಾಗಿ ಕಣ್ಣಿಗೆ ಬಡಿಯುತ್ತದೆ.

ಮೊದಲ ಅನುಮಾನ ಲುಬ್ಧಕನ ಮೇಲೆ ಇರಲಿ. ರಾತ್ರಿಯ ಆಕಾಶದ ನಕ್ಷತ್ರಗಳಲ್ಲಿ ಅತ್ಯಂತ ಪ್ರಕಾಶದ್ದು ಅದು, 8.6 ಜ್ಯೋತಿರ್ವರ್ಷ ದೂರದಲ್ಲಿದೆ. ಮಹಾವ್ಯಾಧ (ಒರಾಯನ್) ಎಂಬ ನಕ್ಷತ್ರಪುಂಜದ ನಡುಪಟ್ಟಿಯಲ್ಲಿ ಸಾಲಾಗಿ 3 ನಕ್ಷತ್ರ ಇವೆಯಲ್ಲ, ಆ ಗೆರೆಯನ್ನು ಆಗ್ನೇಯದ ಕಡೆ ಎಳೆದರೆ ಲುಬ್ಧಕನಿಗೇ ಮುಟ್ಟುತ್ತದೆ. ಚಳಿಗಾಲದ ಸಂಜೆ ದಕ್ಷಿಣದಲ್ಲಿ ಕೆಳಗೆ ಹೊಳೆಯುತ್ತಿದ್ದರೆ ಅಗಸ್ತ್ಯ. ಅಗಸ್ತ್ಯ ಪ್ರಕಾಶದಲ್ಲಿ ಎರಡನೆಯದು. ಬೆಂಗಳೂರಿನಿಂದ ನೋಡಿದರೆ ಎಷ್ಟೇ ಮೇಲೆ ಬಂದರೂ ಎರಡೂವರೆ ಮುಷ್ಟಿ ದಾಟುವುದಿಲ್ಲ, ಅದಕ್ಕೇ ಅದರ ಮಿನುಗು ಅಷ್ಟು ಜೋರು. ಉತ್ತರದ ಕಡೆಯಾದರೆ ಬ್ರಹ್ಮಹೃದಯ ಇರಬಹುದು.

ಬಣ್ಣ ಬರೀ ಕೆಂಪು, ಅದೂ ಗಡಿಯಾರದಷ್ಟು ನಿಖರವಾಗಿ ಹೊತ್ತಿ ಆರುತ್ತಿದ್ದರೆ ಮೊಬೈಲ್ ಟವರಿನ ದೀಪ. ಹಗಲಲ್ಲಿ ಅದೇ ಜಾಗ ನೋಡಿದರೆ ಗೊತ್ತಾಗುತ್ತದೆ.

ಲಕ್ಷಣ: ಸಂಜೆ ಪಶ್ಚಿಮದಲ್ಲೋ ನಸುಕಿನಲ್ಲಿ ಪೂರ್ವದಲ್ಲೋ ಕಣ್ಣು ಕುಕ್ಕುವಷ್ಟು ಬೆಳಕು

ಇದು ಸುಲಭದ್ದು. ಸೂರ್ಯ ಮುಳುಗಿ ಇನ್ನೂ ಬೆಳಕಿರುವಾಗಲೇ, ಬೇರೆ ಒಂದು ಚುಕ್ಕಿಯೂ ಕಾಣದ ಹೊತ್ತಲ್ಲಿ, ಬೆಳ್ಳಗೆ ಉರಿಯುತ್ತಿದ್ದರೆ ಶುಕ್ರ. ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಚುಕ್ಕಿ ಅಂತ ಕರೆಯುವುದು ಇದನ್ನೇ. ಸೂರ್ಯ, ಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ದಿನವೂ ಕಾಣುವಂಥದ್ದರಲ್ಲಿ ಇದರಷ್ಟು ಪ್ರಕಾಶ ಬೇರೆ ಯಾವುದಕ್ಕೂ ಇಲ್ಲ.

ಶುಕ್ರನೋ ಗುರುವೋ ಎನ್ನುವ ಗೊಂದಲ ಬಂದರೆ ಗಡಿಯಾರ ನೋಡಿ. ಶುಕ್ರ ಸೂರ್ಯನಿಂದ 47 ಡಿಗ್ರಿ, ಅಂದರೆ ಹೆಚ್ಚೆಂದರೆ 5 ಮುಷ್ಟಿಯಾಚೆ ಹೋಗುವುದೇ ಇಲ್ಲ. ಸಂಜೆ ಸೂರ್ಯ ಮುಳುಗಿದ ಮೇಲೆ 3 ಗಂಟೆ ಚಿಲ್ಲರೆ ಹೊತ್ತು ಇದ್ದರೆ ಅದೇ ಹೆಚ್ಚು. ಕರ್ನಾಟಕದಲ್ಲಿ ರಾತ್ರಿ 11ರಿಂದ 2ರ ನಡುವೆ ಕಾಣುವ ಯಾವುದೂ ಶುಕ್ರ ಅಲ್ಲ. ಆ ಹೊತ್ತಲ್ಲಿ, ಎತ್ತರದಲ್ಲಿ, ಕೆನೆಬಣ್ಣದಲ್ಲಿ ನೆಟ್ಟಗೆ ಹೊಳೆಯುವುದು ಗುರು. ಗುರು ತನ್ನ ಮಂಕಾದ ದಿನಗಳಲ್ಲೂ ಲುಬ್ಧಕನಿಗಿಂತ ಪ್ರಕಾಶ, ಹಾಗಾಗಿ ಅದನ್ನು ನಕ್ಷತ್ರ ಅಂತ ತಪ್ಪು ತಿಳಿಯುವ ಸಾಧ್ಯತೆ ಕಡಿಮೆ. ಎರಡೂ ಒಟ್ಟಿಗೆ ಕಂಡ ದಿನ ಹೆಚ್ಚು ಹೊಳೆಯುವುದೇ ಶುಕ್ರ.

ಬುಧನ ವಿಷಯ ಚುಟುಕಾಗಿ: ಅದು ಸೂರ್ಯನಿಂದ 28 ಡಿಗ್ರಿ ದಾಟುವುದಿಲ್ಲ. ಮುಸ್ಸಂಜೆಯ ಕೆಂಪಿನಲ್ಲಿ, ದಿಗಂತಕ್ಕೆ ಒಂದೆರಡು ಮುಷ್ಟಿ ಮೇಲೆ ಸ್ವಲ್ಪ ಹೊತ್ತು ಕಂಡು ಮುಳುಗುತ್ತದೆ. ಕತ್ತಲಾದ ಮೇಲೆ ಕಂಡದ್ದು ಬುಧ ಅಲ್ಲ.

ಇಲ್ಲೊಂದು ಗಟ್ಟಿ ಎಚ್ಚರಿಕೆ. ಬುಧ, ಶುಕ್ರರನ್ನು ಹುಡುಕಲು ಸೂರ್ಯ ಪೂರ್ತಿ ಮುಳುಗುವ ಮುನ್ನ ಬೈನಾಕ್ಯುಲರ್ ಅಥವಾ ಟೆಲಿಸ್ಕೋಪನ್ನು ಆ ಕಡೆ ತಿರುಗಿಸಲೇಬಾರದು. ಒಂದು ಕ್ಷಣ ಸೂರ್ಯ ಒಳಗೆ ಬಿದ್ದರೂ ಕಣ್ಣಿನ ಒಳಪರದೆ ಸುಡುತ್ತದೆ, ಆಗ ನೋವೂ ಆಗುವುದಿಲ್ಲ. ಬೆಳಿಗ್ಗೆ ನೋಡುವವರು ಸೂರ್ಯ ಹುಟ್ಟುವ ಮೊದಲೇ ಮುಚ್ಚಿ ಎತ್ತಿಡಿ. ಮಕ್ಕಳ ಕೈಗೆ ಕೊಟ್ಟು ಒಳಗೆ ಹೋಗಬೇಡಿ.

ಲಕ್ಷಣ: ಚುಕ್ಕಿ ಕೆಂಪಗಿದೆ

ಕೆಂಪು ಅಂದ ತಕ್ಷಣ ಮಂಗಳ ಅನ್ನುವುದು ರೂಢಿ. ಆದರೆ ಕೆಂಪು, ಕಿತ್ತಳೆ ಬಣ್ಣದ ಮೂರು ದೊಡ್ಡ ನಕ್ಷತ್ರಗಳೂ ಇವೆ: ಆರ್ದ್ರಾ, ರೋಹಿಣಿ, ಜ್ಯೇಷ್ಠಾ. ಇವುಗಳನ್ನು ಒಂದೊಂದಾಗಿ ಪಟ್ಟಿಯಿಂದ ತೆಗೆಯಬೇಕು.

ಆರ್ದ್ರಾ ಮಹಾವ್ಯಾಧನ ಭುಜದಲ್ಲಿದೆ. ಮಹಾವ್ಯಾಧನ ನಡುಪಟ್ಟಿ ಪಕ್ಕದಲ್ಲೇ ಕಂಡರೆ ಮುಗಿಯಿತು, ಯಾಕೆಂದರೆ ಆಕಾಶದ ಆ ಭಾಗದಲ್ಲಿ ಗ್ರಹಗಳು ಅಷ್ಟು ದಕ್ಷಿಣಕ್ಕೆ ಬರುವುದಿಲ್ಲ. ರೋಹಿಣಿ ಮತ್ತು ಜ್ಯೇಷ್ಠಾ ಕಷ್ಟದವು, ಅವು ಗ್ರಹಗಳ ದಾರಿಯಲ್ಲೇ ಕೂತಿವೆ. ರೋಹಿಣಿಯ ಹತ್ತಿರ ಕೃತ್ತಿಕೆಯ ಚಿಕ್ಕ ಗೊಂಚಲು ಇರುತ್ತದೆ. ಜ್ಯೇಷ್ಠಾ ಜೂನ್‌ನಿಂದ ಆಗಸ್ಟ್‌ವರೆಗಿನ ಸಂಜೆ ದಕ್ಷಿಣದಲ್ಲಿ, ವೃಶ್ಚಿಕದ ಕೊಂಡಿಯಂಥ ಬಾಲದ ಮೇಲ್ಗಡೆ. ಎರಡು ಪಕ್ಕ ಎರಡು ಚಿಕ್ಕ ನಕ್ಷತ್ರ ಕಾವಲಿಗೆ ಇದ್ದಂತೆ ಇವೆ. ಮಳೆಗಾಲ ಆದ್ದರಿಂದ ಮೋಡದ ಸಂದಿಯಲ್ಲಿ ಅದೊಂದೇ ಕಂಡಾಗ ಮಂಗಳ ಅಂತ ಅನಿಸುವುದು ಸಹಜ. ಮೋಡ ಸರಿಯುವವರೆಗೆ ತೀರ್ಪು ಕೊಡಬೇಡಿ.

ಮಂಗಳನ ಇನ್ನೊಂದು ಸ್ವಭಾವ ಗೊತ್ತಿರಲಿ. ಅದರ ಪ್ರಕಾಶ ತುಂಬಾ ಏರುಪೇರಾಗುತ್ತದೆ. ಸುಮಾರು 26 ತಿಂಗಳಿಗೊಮ್ಮೆ ಭೂಮಿಗೆ ಹತ್ತಿರ ಬಂದಾಗ ಜೋರಾಗಿ ಹೊಳೆಯುತ್ತದೆ. 2018ರ ಜುಲೈನಲ್ಲಿ ಗುರುವನ್ನೂ ಮೀರಿಸಿತ್ತು. 2025ರ ಜನವರಿಯಲ್ಲಿ ಹಾಗೆ ಹತ್ತಿರ ಬಂದಿತ್ತು, 2027ರ ಫೆಬ್ರವರಿಯಲ್ಲಿ ಮತ್ತೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಸಾಧಾರಣ ನಕ್ಷತ್ರದಷ್ಟೇ ಮಂಕು. ಆಗ ಕಣ್ಣಳತೆ ಸಾಲದು, ಮುಂದಿನ ವಿಭಾಗದ ಪರೀಕ್ಷೆಯೇ ಗತಿ.

ದಿಗಂತದಲ್ಲಿ ಕೆಂಪಗೆ ಕಂಡು ಮೇಲೇರಿದ ಮೇಲೆ ಬಿಳಿಯಾದರೆ ಆ ಕೆಂಪು ಚುಕ್ಕಿಯದ್ದಲ್ಲ, ದೂಳಿನದ್ದು.

ಲಕ್ಷಣ: ಸುಮಾರಾಗಿ ಹೊಳೆಯುತ್ತಿದೆ, ವಿಶೇಷ ಏನೂ ಇಲ್ಲ, ನಕ್ಷತ್ರವೋ ಗ್ರಹವೋ ತಿಳಿಯುತ್ತಿಲ್ಲ

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಇದು. ಸಾಮಾನ್ಯವಾಗಿ ಇದರ ಹಿಂದೆ ಇರುವುದು ಶನಿ. ಅದರ ಪ್ರಕಾಶ ದೊಡ್ಡ ನಕ್ಷತ್ರಗಳಷ್ಟೇ, ಬಣ್ಣ ಮಾಸಲು ಹಳದಿ. ಮಂಕಾದ ಕಾಲದ ಮಂಗಳನೂ ಇದೇ ಗುಂಪಿಗೆ ಸೇರುತ್ತದೆ. ಇಲ್ಲಿ ಜಾಗದ ಪರೀಕ್ಷೆ ಬೇಕು. ನನ್ನ ಮಟ್ಟಿಗೆ ಇಡೀ ಕೈಪಿಡಿಯಲ್ಲಿ ಕಲಿಯಲೇಬೇಕಾದ್ದು ಇದೊಂದೇ. ಇದನ್ನು ಕಲಿತವರಿಗೆ ಉಳಿದವು ಬರೀ ಸಹಾಯಕ.

ಗ್ರಹಗಳೆಲ್ಲ ಹೆಚ್ಚುಕಮ್ಮಿ ಒಂದೇ ಸಮತಟ್ಟಿನಲ್ಲಿ ಸೂರ್ಯನನ್ನು ಸುತ್ತುತ್ತವೆ. ಹಾಗಾಗಿ ನಮ್ಮ ಆಕಾಶದಲ್ಲಿ ಅವು ಸೂರ್ಯ ನಡೆಯುವ ದಾರಿಯ ಆಸುಪಾಸಿನಲ್ಲೇ ಇರುತ್ತವೆ. ಚಂದ್ರನೂ ಆ ದಾರಿಯಿಂದ 5 ಡಿಗ್ರಿಗಿಂತ ಸ್ವಲ್ಪವೇ ಹೆಚ್ಚು ಸರಿಯುತ್ತಾನೆ, ಅಷ್ಟೇ. ಮೇಷದಿಂದ ಮೀನದವರೆಗಿನ 12 ರಾಶಿಗಳು ಇರುವುದೂ ಈ ದಾರಿಯ ಮೇಲೇ. ಸಪ್ತರ್ಷಿ ಮಂಡಲದಲ್ಲೋ ಧ್ರುವದ ಹತ್ತಿರವೋ ಗ್ರಹ ಯಾವತ್ತೂ ಬರುವುದಿಲ್ಲ.

ಕರ್ನಾಟಕದವರಿಗೆ ಇದರಿಂದ ಒಂದು ಸುಲಭದ ಅಳತೆ ಸಿಗುತ್ತದೆ. ನಾವು ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಸೂರ್ಯನ ದಾರಿ ನಮ್ಮ ತಲೆಯ ಮೇಲೇ ಹಾಯುತ್ತದೆ. ಪೂರ್ವದಲ್ಲಿ ಹುಟ್ಟಿದ ಗ್ರಹ ನಡು ಆಕಾಶಕ್ಕೆ ಬಂದಾಗ ಯಾವಾಗಲೂ ಹೆಚ್ಚುಕಮ್ಮಿ ಅರ್ಧ ಎತ್ತರಕ್ಕಿಂತ ಮೇಲೇ ಇರುತ್ತದೆ. ಆದ್ದರಿಂದ ನೇರ ದಕ್ಷಿಣದಲ್ಲಿ 4 ಮುಷ್ಟಿಗಿಂತ ಕೆಳಗೆ, ಅಥವಾ ನೇರ ಉತ್ತರದಲ್ಲಿ ಕೆಳಗೆ, ಏನೇ ಹೊಳೆದರೂ ಅದು ಗ್ರಹ ಅಲ್ಲ. ಅಗಸ್ತ್ಯನನ್ನು ಇದೊಂದೇ ಪರೀಕ್ಷೆಯಲ್ಲಿ ಪಟ್ಟಿಯಿಂದ ತೆಗೆಯಬಹುದು. ಲಂಡನ್ನಿನಲ್ಲಿರುವ ಕನ್ನಡಿಗರು ಈ ಅಳತೆ ಬಳಸಬಾರದು, ಅಲ್ಲಿ ಗ್ರಹಗಳು ದಕ್ಷಿಣದಲ್ಲಿ ತುಂಬಾ ಕೆಳಗೂ ಕಾಣುತ್ತವೆ. ಸಿಡ್ನಿಯಲ್ಲಿರುವವರು ಉತ್ತರದ ಕಡೆ ನೋಡಬೇಕು.

ಚುಕ್ಕಿ ದಾರಿಯ ಮೇಲೇ ಇದೆ ಅಂತಾದರೆ ಮುಂದಿನ ಹೆಜ್ಜೆ. ಆ ದಾರಿಯಲ್ಲಿ ನಿಜವಾಗಿ ಹೊಳೆಯುವ ನಕ್ಷತ್ರಗಳು ಕೈಬೆರಳೆಣಿಕೆಯಷ್ಟು. ಚಳಿಗಾಲದ ಸಂಜೆ ರೋಹಿಣಿ, ಅದರ ಪೂರ್ವಕ್ಕೆ ಪುನರ್ವಸುವಿನ ಜೋಡಿ. ಮಾರ್ಚ್‌ನಿಂದ ಮೇವರೆಗೆ ಮಘಾ, ಅದರ ಹಿಂದೆ ಚಿತ್ರಾ. ಮಳೆಗಾಲಕ್ಕೆ ಜ್ಯೇಷ್ಠಾ. ಇವಿಷ್ಟನ್ನು ಒಂದು ವರ್ಷದಲ್ಲಿ ನಿಧಾನಕ್ಕೆ ಕಲಿತರೆ ಸಾಕು. ಅವುಗಳ ನಡುವೆ ಲೆಕ್ಕಕ್ಕೆ ಸಿಗದ ಒಂದು ಹೆಚ್ಚುವರಿ ಚುಕ್ಕಿ ಕಂಡರೆ ಅದೇ ಗ್ರಹ. ಮಕರ, ಕುಂಭ, ಮೀನದ ಕಡೆ ದೊಡ್ಡ ನಕ್ಷತ್ರವೇ ಇಲ್ಲ. ಅಲ್ಲಿ ಒಂಟಿಯಾಗಿ ಹೊಳೆಯುವುದು ಬಹುತೇಕ ಗ್ರಹವೇ. ಒಂದು ಬಲೆ ಮಾತ್ರ ಇದೆ: ಅಕ್ಟೋಬರ್, ನವೆಂಬರ್ ಸಂಜೆ ದಕ್ಷಿಣದಲ್ಲಿ ಒಬ್ಬಂಟಿಯಾಗಿ ಬೆಳಗುವ ಫೋಮಲ್ಹಾಟ್ ಎಂಬ ನಕ್ಷತ್ರ. ಅದು ದಾರಿಯಿಂದ 2 ಮುಷ್ಟಿ ದಕ್ಷಿಣಕ್ಕಿದೆ. ಶನಿ ಅಂತ ಮೋಸ ಹೋಗಬೇಡಿ.

ಮನೆಯಲ್ಲಿ ಪಂಚಾಂಗ ಇದೆಯಾ? ಫಲ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಆದರೆ ಗ್ರಹಸ್ಥಿತಿಯ ಪುಟ ಒಳ್ಳೆಯ ನಕ್ಷೆ. ನಮ್ಮ ಪಂಚಾಂಗಗಳು ನಿರಯನ ಲೆಕ್ಕದವು, ಅಂದರೆ ನಕ್ಷತ್ರಗಳನ್ನೇ ಆಧಾರ ಮಾಡಿಕೊಂಡವು. ಗುರು ಮಿಥುನದಲ್ಲಿ ಅಂತ ಬರೆದಿದ್ದರೆ ಆಕಾಶದಲ್ಲೂ ಹೆಚ್ಚುಕಮ್ಮಿ ಪುನರ್ವಸುವಿನ ಕಡೆಯೇ ಹುಡುಕಬೇಕು. ಪಶ್ಚಿಮದವರ ರಾಶಿ ಲೆಕ್ಕಕ್ಕೂ ಇದಕ್ಕೂ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ ಇದೆ, ಅದನ್ನು ನೋಡಿ ಹುಡುಕಿದರೆ ಎರಡು ಮುಷ್ಟಿಗಿಂತ ಹೆಚ್ಚು ದಾರಿ ತಪ್ಪುತ್ತೀರಿ. ದೃಗ್ಗಣಿತ ಪಂಚಾಂಗ (ಆಕಾಶದಲ್ಲಿ ಕಣ್ಣಿಗೆ ಕಾಣುವ ಸ್ಥಾನಕ್ಕೆ ಹೊಂದುವ ಲೆಕ್ಕದ್ದು) ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಪ್ರಕಾರ ಶನಿ 2025ರ ಮಾರ್ಚ್ ಕೊನೆಗೆ ಮೀನಕ್ಕೆ ಬಂದ. ಒಂದು ರಾಶಿ ದಾಟಲು ಅವನಿಗೆ ಸುಮಾರು ಎರಡೂವರೆ ವರ್ಷ ಬೇಕು, ಗುರುವಿಗೆ ಸುಮಾರು ಒಂದು ವರ್ಷ. ಹಾಗಾಗಿ ಒಮ್ಮೆ ಗುರುತು ಹಿಡಿದರೆ ಮುಂದಿನ ತಿಂಗಳುಗಳಲ್ಲೂ ಅಲ್ಲೇ ಸುತ್ತಮುತ್ತ ಸಿಗುತ್ತಾರೆ.

ಲಕ್ಷಣ: ಫೋನಿನ ಆಕಾಶನಕ್ಷೆ ಆ್ಯಪ್ ಹೇಳುವುದೇ ಬೇರೆ, ಆಕಾಶದಲ್ಲಿ ಕಾಣುವುದೇ ಬೇರೆ

ದೋಷ ಆಕಾಶದ್ದಲ್ಲ, ಬಹುತೇಕ ಫೋನಿನ ದಿಕ್ಸೂಚಿಯದ್ದು. ಆಯಸ್ಕಾಂತ ಇರುವ ಕವರ್ ತೆಗೆಯಿರಿ. ನೀರಿನ ಟ್ಯಾಂಕಿನ ಕಬ್ಬಿಣ, ಕಾರು, ಗೇಟಿನಿಂದ ದೂರ ನಿಲ್ಲಿ. ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ಕೆಲವು ಸಲ ತಿರುಗಿಸಿ. ಲೊಕೇಶನ್ ಆನ್ ಇದೆಯೇ, ಸಮಯ ಸರಿ ಇದೆಯೇ ನೋಡಿ.

ಆಮೇಲೆ ಗೊತ್ತಿರುವ ಒಂದನ್ನು ಹಿಡಿದು ಪರೀಕ್ಷಿಸಿ. ಚಂದ್ರ ಇದ್ದರೆ ಫೋನನ್ನು ಅವನತ್ತ ಹಿಡಿಯಿರಿ. ಪರದೆಯ ಚಂದ್ರ ನಿಜವಾದ ಚಂದ್ರನ ಮೇಲೇ ಬಂದರೆ ನಂಬಬಹುದು. ಪಕ್ಕಕ್ಕೆ ಬಂದರೆ ಎಷ್ಟು ಪಕ್ಕಕ್ಕೆ ಅಂತ ಗಮನಿಸಿ, ಉಳಿದದ್ದಕ್ಕೂ ಅಷ್ಟೇ ತಿದ್ದಿಕೊಳ್ಳಿ. ಸ್ಟೆಲೇರಿಯಂನಂಥ ಉಚಿತ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಮೊದಲೇ ನೋಡಿಕೊಂಡು ತಾರಸಿಗೆ ಹೋಗುವುದು ಇನ್ನೂ ಒಳ್ಳೆಯದು, ಕತ್ತಲಿಗೆ ಹೊಂದಿದ ಕಣ್ಣು ಕೆಡುವುದಿಲ್ಲ.

ಲಕ್ಷಣ: ಎಲ್ಲ ಮಾಡಿದರೂ ಅನುಮಾನ ಹೋಗಿಲ್ಲ

ಹಾಗಾದರೆ ದಿನಗಳನ್ನು ಬಳಸಿ. ಒಂದು ಹಾಳೆಯಲ್ಲಿ ಅನುಮಾನದ ಚುಕ್ಕಿಯನ್ನೂ ಅದರ ಸುತ್ತಲಿನ ನಾಲ್ಕಾರು ನಕ್ಷತ್ರಗಳನ್ನೂ ಗುರುತು ಮಾಡಿ, ದಿನಾಂಕ ಬರೆಯಿರಿ. ಒಂದು ವಾರ ಬಿಟ್ಟು ಅದೇ ಹಾಳೆ ಹಿಡಿದು ನೋಡಿ. ನಕ್ಷತ್ರಗಳ ನಡುವಿನ ಅಂತರ ನಿಮ್ಮ ಜೀವಮಾನದಲ್ಲಿ ಬರಿಗಣ್ಣಿಗೆ ಬದಲಾಗುವುದಿಲ್ಲ. ಗ್ರಹ ಸರಿದಿರುತ್ತದೆ. ಶುಕ್ರ, ಮಂಗಳರಿಗೆ ಒಂದು ವಾರ ಧಾರಾಳ. ಗುರುವಿಗೆ ಎರಡು, ಮೂರು ವಾರ ಕೊಡಿ, ಶನಿಗೆ ಒಂದೆರಡು ತಿಂಗಳು. ಕೆಲವು ದಿನ ಗ್ರಹ ನಿಂತಂತೆ ಕಂಡು ಹಿಂದಕ್ಕೂ ನಡೆಯುತ್ತದೆ. ಪಂಚಾಂಗದಲ್ಲಿ ವಕ್ರ ಅಂತ ಬರೆಯುವುದು ಇದನ್ನೇ. ಭೂಮಿ ಒಳಗಿನ ದಾರಿಯಲ್ಲಿ ವೇಗವಾಗಿ ಹೋಗಿ ಅದನ್ನು ಹಿಂದೆ ಹಾಕುವಾಗ ಹೀಗೆ ಕಾಣುತ್ತದೆ. ಆದ್ದರಿಂದ ಒಂದೇ ವಾರ ನೋಡಿ "ಸರಿದಿಲ್ಲ, ನಕ್ಷತ್ರವೇ" ಅಂತ ಫೈಲು ಮುಚ್ಚಬೇಡಿ.

ಈ ಪರೀಕ್ಷೆಯ ಬೆಲೆ ಏನು ಅಂತ ಇತಿಹಾಸ ನೋಡಿದರೆ ಗೊತ್ತಾಗುತ್ತದೆ. ಗೆಲಿಲಿಯೋ 1612ರ ಡಿಸೆಂಬರ್‌ನಲ್ಲಿ ಮತ್ತು 1613ರ ಜನವರಿಯಲ್ಲಿ ಗುರುವಿನ ಹತ್ತಿರ ನೆಪ್ಚೂನನ್ನು ಕಂಡು, ನಕ್ಷತ್ರ ಎಂದೇ ಚಿತ್ರದಲ್ಲಿ ಗುರುತಿಸಿದ. ನೆಪ್ಚೂನ್ ಗ್ರಹ ಎಂದು ಗೊತ್ತಾದದ್ದು 1846ರಲ್ಲಿ. ಇಂಗ್ಲೆಂಡಿನ ಫ್ಲ್ಯಾಮ್‌ಸ್ಟೀಡ್ 1690ರಲ್ಲಿ ಯುರೇನಸನ್ನು ವೃಷಭ ರಾಶಿಯ ಒಂದು ನಕ್ಷತ್ರ ಎಂದು ಪಟ್ಟಿಗೆ ಸೇರಿಸಿದ. 1781ರ ಮಾರ್ಚ್ 13ರಂದು ವಿಲಿಯಂ ಹರ್ಷೆಲ್ ಅದೇ ಚುಕ್ಕಿಯನ್ನು ಕಂಡಾಗ ಅದು ಬಿಂದುವಿನಂತಿರದೆ ತಟ್ಟೆಯಂತೆ ಕಂಡಿತು. ಮುಂದಿನ ದಿನಗಳಲ್ಲೂ ಬಿಡದೆ ನೋಡಿದ, ಅದು ಸರಿಯುತ್ತಿತ್ತು. ಮೊದಲು ಧೂಮಕೇತು ಅಂದುಕೊಂಡದ್ದು ಕೊನೆಗೆ ಗ್ರಹ ಅಂತ ತೀರ್ಮಾನ ಆದದ್ದು ಆ ಚಲನೆಯ ಲೆಕ್ಕದಿಂದ.

ಲಕ್ಷಣ: ಬೈನಾಕ್ಯುಲರ್, ಟೆಲಿಸ್ಕೋಪ್ ಅಥವಾ ಫೋನಿನ ಜೂಮಿನಲ್ಲಿ ಗುಂಡಗೆ ಕಾಣುತ್ತಿದೆ

ಗುಂಡಗಿದ್ದರೆ ಗ್ರಹವೇ ಇರಬೇಕು ಅನಿಸುತ್ತದೆ ಅಲ್ವಾ? ಮೊದಲು ಫೋಕಸ್ ನೋಡಿ. ಫೋಕಸ್ ತಪ್ಪಿದರೆ ಪ್ರತಿ ನಕ್ಷತ್ರವೂ ತಟ್ಟೆಯಾಗಿ ಊದಿಕೊಳ್ಳುತ್ತದೆ. ಕನ್ನಡಿ ಇರುವ ಟೆಲಿಸ್ಕೋಪಿನಲ್ಲಿ ತಟ್ಟೆಯ ನಡುವೆ ಕಪ್ಪು ತೂತೂ ಕಾಣುತ್ತದೆ, ಅದು ಒಳಗಿನ ಚಿಕ್ಕ ಕನ್ನಡಿಯ ನೆರಳು. ಗುಬುಟನ್ನು ನಿಧಾನಕ್ಕೆ ತಿರುಗಿಸಿ ಚಿತ್ರವನ್ನು ಆದಷ್ಟು ಚಿಕ್ಕದು ಮಾಡಿ. ಬಿಂದುವಾದರೆ ನಕ್ಷತ್ರ. ಎಷ್ಟು ಚಿಕ್ಕದು ಮಾಡಿದರೂ ಅಂಚು ಸ್ಪಷ್ಟವಿರುವ ತಟ್ಟೆ ಉಳಿದರೆ ಗ್ರಹ.

ಫೋನಿನ ಜೂಮ್ ವಿಡಿಯೊಗಳಲ್ಲಿ ನೀರಿನಂತೆ ಅಲೆಯಾಡುವ ಗುಂಡು ಗ್ರಹ ಅಂತ ಹರಿದಾಡುತ್ತವೆ. ಅವುಗಳಲ್ಲಿ ಹೆಚ್ಚಿನವು ಫೋಕಸ್ ಸಿಗದೆ ಒದ್ದಾಡುವ ಕ್ಯಾಮೆರಾದ ಚಿತ್ರಗಳು. ಅದನ್ನು ಸಾಕ್ಷಿ ಅಂತ ಎಣಿಸಬೇಡಿ.

7x50 ಅಥವಾ 10x50 ಬೈನಾಕ್ಯುಲರ್ ಇದ್ದರೆ ಮೊಣಕೈಯನ್ನು ಗೋಡೆಗೆ ಊರಿ ಹಿಡಿಯಿರಿ. ಪಕ್ಕದಲ್ಲಿ ಒಂದೇ ಗೆರೆಯಲ್ಲಿ 2, 3 ಅಥವಾ 4 ಪುಟ್ಟ ಚುಕ್ಕಿ ಕಂಡರೆ ಅದು ಗುರು ಮತ್ತು ಅವನ ಉಪಗ್ರಹಗಳು. ಮಾರನೆಯ ದಿನ ಅವು ಜಾಗ ಬದಲಿಸಿರುತ್ತವೆ. ಗೆಲಿಲಿಯೋ 1610ರ ಜನವರಿಯಲ್ಲಿ ಕಂಡದ್ದು ಇವನ್ನೇ. ಶನಿಯ ಉಂಗುರ ಬೈನಾಕ್ಯುಲರಿಗೆ ಸಿಗುವುದಿಲ್ಲ, ಕನಿಷ್ಠ 25ರಿಂದ 30 ಪಟ್ಟು ಹಿಗ್ಗಿಸುವ ಟೆಲಿಸ್ಕೋಪ್ ಬೇಕು. ಶುಕ್ರ ಕೆಲವು ವಾರ ಪುಟ್ಟ ಚಂದ್ರನಂತೆ ಅರ್ಧಕ್ಕೋ ಕುಡುಗೋಲಿನಾಕಾರಕ್ಕೋ ಇಳಿಯುತ್ತದೆ. ಉಪಕರಣ ಕೆಟ್ಟಿಲ್ಲ, ಚಂದ್ರನ ಕಲೆಗಳಂತೆ ಅದು ಶುಕ್ರನ ಬೆಳಗಿದ ಭಾಗದ ನಿಜವಾದ ಆಕಾರ.

ಇಷ್ಟಕ್ಕಾಗಿ ಹೊಸ ಟೆಲಿಸ್ಕೋಪ್ ಕೊಳ್ಳಲು ಹೋಗಬೇಡಿ. ಜಾಗದ ಪರೀಕ್ಷೆ ಬಾರದವರಿಗೆ ಟೆಲಿಸ್ಕೋಪ್ ಇದ್ದರೂ ಯಾವ ಕಡೆ ತಿರುಗಿಸಬೇಕು ಅಂತ ಗೊತ್ತಾಗುವುದಿಲ್ಲ. ಹಸಿರು ಲೇಸರ್ ಹಿಡಿದು ತೋರಿಸುವ ಅಭ್ಯಾಸ ಇದ್ದರೆ ವಿಮಾನದ ಹತ್ತಿರಕ್ಕೂ ಒಯ್ಯಬೇಡಿ, ಪೈಲಟ್‌ಗಳ ಕಣ್ಣಿಗೆ ಅಪಾಯ. ಯಾರ ಮುಖಕ್ಕೂ ಬಿಡಬೇಡಿ.

ಪರೀಕ್ಷೆ ನಿಲ್ಲಿಸಿ ಬೇರೆಯವರ ಸಹಾಯ ಪಡೆಯಬೇಕಾದ ಹೊತ್ತು

ಕೆಲವು ಲಕ್ಷಣಗಳು ಆಕಾಶದ್ದಲ್ಲ, ಕಣ್ಣಿನದ್ದು. ಪ್ರತಿಯೊಂದು ಚುಕ್ಕಿಗೂ ದೀಪಕ್ಕೂ ಒಂದೇ ದಿಕ್ಕಿನಲ್ಲಿ ಗೀರು ಮೂಡಿದರೆ, ಒಂದು ಎರಡಾಗಿ ಕಂಡರೆ, ಸುತ್ತ ಪ್ರಭೆ ಹಬ್ಬಿದರೆ ಕಣ್ಣಿನ ಪರೀಕ್ಷೆ ಮಾಡಿಸಿ. ಕನ್ನಡಕದ ನಂಬರ್ ಬದಲಾಗಿರಬಹುದು, ವಯಸ್ಸಾದವರಲ್ಲಿ ಪೊರೆ ಬಂದಿರಬಹುದು. ಕಣ್ಣು ಮುಚ್ಚಿದರೂ ಮಿಂಚು ಹೊಡೆದಂತಾದರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳು ತೇಲತೊಡಗಿದರೆ, ನೋಟದ ಒಂದು ಬದಿಗೆ ಪರದೆ ಇಳಿದಂತಾದರೆ ಬೆಳಗಾಗಲಿ ಅಂತ ಕಾಯಬೇಡಿ. ಅದು ಒಳಪರದೆ ಕಳಚುತ್ತಿರುವ ಸೂಚನೆ ಇರಬಹುದು, ತಕ್ಷಣ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು.

ಆಕಾಶದ ಅನುಮಾನವೇ ಬಗೆಹರಿಯದಿದ್ದರೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳದಲ್ಲಿರುವ ಸ್ವಾಮಿ ವಿವೇಕಾನಂದ ತಾರಾಲಯ ಇವೆ. ನಿಮ್ಮ ಊರಿನ ಕಾಲೇಜಿನ ಭೌತಶಾಸ್ತ್ರ ಮೇಷ್ಟ್ರನ್ನೂ ಕೇಳಬಹುದು. ಕೇಳುವಾಗ ಬರೀ "ಏನೋ ಹೊಳೆಯುತ್ತಿತ್ತು" ಅಂದರೆ ಯಾರಿಗೂ ಹೇಳಲಾಗುವುದಿಲ್ಲ. ಊರು, ದಿನಾಂಕ, ಗಂಟೆ, ದಿಕ್ಕು, ದಿಗಂತದಿಂದ ಎಷ್ಟು ಮುಷ್ಟಿ ಎತ್ತರ, ಬಣ್ಣ, ಮಿನುಗು ಇತ್ತೋ ಇಲ್ಲವೋ, ಎಷ್ಟು ಹೊತ್ತು ಕಂಡಿತು, ಇಷ್ಟನ್ನು ಬರೆದುಕೊಂಡು ಹೋಗಿ. ವರ್ಷವನ್ನೂ ಬರೆಯಿರಿ. ನಕ್ಷತ್ರ ಪ್ರತಿ ವರ್ಷ ಅದೇ ತಾರೀಕಿಗೆ ಅದೇ ಜಾಗಕ್ಕೆ ಬರುತ್ತದೆ, ಗ್ರಹ ಹಾಗೆ ಬರುವುದಿಲ್ಲ. ಫೋಟೊ ತೆಗೆಯುವುದಾದರೆ ಜೂಮ್ ಮಾಡಬೇಡಿ. ಕೆಳಗೆ ಮನೆಯೋ ಮರವೋ ಸ್ವಲ್ಪ ಕಾಣುವಂತೆ ತೆಗೆಯಿರಿ, ಆಗ ಎತ್ತರವನ್ನು ಅಂದಾಜು ಮಾಡಬಹುದು.